ಚರ್ಚ್ ದೊಡ್ಡದು ಮಾಡಬೇಕಾ? ಶಿಲಾನ್ಯಾಸಕ್ಕೆ ಮೊದಲು ಮುಗಿಸಬೇಕಾದ ಕೆಲಸಗಳು

"ನಮ್ಮ ಚರ್ಚ್‌ನಲ್ಲಿ ಜಾಗ ಸಾಲುತ್ತಿಲ್ಲ. ಭಾನುವಾರ ಎಷ್ಟೋ ಜನ ಜಗಲಿಯಲ್ಲೇ ನಿಲ್ಲುತ್ತಾರೆ. ವಿಸ್ತರಣೆ ಮಾಡೋಣ ಅಂತ ಎಲ್ಲರೂ ಹೇಳ್ತಾರೆ, ಆದರೆ ಎಲ್ಲಿಂದ ಶುರು ಮಾಡೋದು? ದುಡ್ಡು ಹೇಗೆ ಹೊಂದಿಸೋದು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕರಾವಳಿಯ ಹಳೆ ಚರ್ಚ್‌ಗಳಿಂದಲೂ ಬರುತ್ತದೆ, ಬೆಂಗಳೂರಿನ ಹೊರವಲಯದ ಹೊಸ ಸಭೆಗಳಿಂದಲೂ ಬರುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಕೆಲಸ ಅರ್ಧಕ್ಕೆ ನಿಂತ ಚರ್ಚ್‌ಗಳನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲಿ ಶಿಲಾನ್ಯಾಸ ಮೊದಲೇ ಆಗಿರುತ್ತದೆ. ಖರ್ಚಿನ ಲೆಕ್ಕ, ಜಾಗದ ಕಾಗದ, ಪರವಾನಗಿ ಎಲ್ಲ ಆಮೇಲೆ ನೆನಪಾಗುತ್ತವೆ. ಈ ಕ್ರಮ ತಿರುಗಬೇಕು. ಬೀಡಿ ಕಟ್ಟಿದ ದುಡ್ಡು, ಗಲ್ಫ್‌ನಲ್ಲಿ ಬೆವರು ಸುರಿಸಿದ ದುಡ್ಡು, ಪಿಂಚಣಿಯಲ್ಲಿ ಉಳಿಸಿದ ದುಡ್ಡು ಈ ಕಟ್ಟಡಕ್ಕೆ ಬರುತ್ತದೆ. ಅದರ ಒಂದು ರೂಪಾಯಿಯೂ ಹಾಳಾಗಬಾರದು.

1. ಎಷ್ಟು ಜಾಗ ಬೇಕು ಎಂದು ಎಣಿಸಿ

ಅಂದಾಜು ಬೇಡ. ಎರಡು ತಿಂಗಳು ಪ್ರತಿ ಭಾನುವಾರ, ಪ್ರತಿ ಪೂಜೆ ಅಥವಾ ಆರಾಧನೆಗೆ ಬಂದವರನ್ನು ಎಣಿಸಿ. ಇಬ್ಬರು ಯುವಜನರನ್ನು ಬಾಗಿಲ ಬಳಿ ನಿಲ್ಲಿಸಿದರೆ ಸಾಕು. ಕುಳಿತವರು, ನಿಂತವರು, ಹೊರಗಿದ್ದವರು ಎಂದು ಮೂರು ಕಾಲಂ ಇರಲಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಕ್ರಿಸ್ಮಸ್ ರಾತ್ರಿ, ಗರಿಗಳ ಭಾನುವಾರ, ವಾರ್ಷಿಕ ಹಬ್ಬದ ಜನವನ್ನು ನೋಡಿ ಕಟ್ಟಡದ ಅಳತೆ ತೀರ್ಮಾನಿಸುವುದು. ವರ್ಷದ ನಾಲ್ಕೈದು ದಿನಕ್ಕೆ ಶಾಮಿಯಾನ ಹಾಕಬಹುದು. ಉಳಿದ ಭಾನುವಾರಗಳಲ್ಲಿ ಅರ್ಧ ಖಾಲಿ ಇರುವ ಕಟ್ಟಡಕ್ಕೆ ಬಣ್ಣ, ಕರೆಂಟ್, ರಿಪೇರಿ ಅಂತ ಮುಂದಿನ ಪೀಳಿಗೆ ದುಡ್ಡು ಸುರಿಯಬೇಕಾಗುತ್ತದೆ.

ಲೆಕ್ಕ ಹೀಗೆ. ಒಬ್ಬರು ಕೂರಲು ಬೆಂಚಿನಲ್ಲಿ ಸುಮಾರು 18 ಇಂಚು ಬೇಕು. ಎಂಟು ಅಡಿ ಬೆಂಚಿನಲ್ಲಿ ಐದು ಜನ. ಒಂದು ಬೆಂಚಿನಿಂದ ಮುಂದಿನದಕ್ಕೆ ಮೂರು ಅಡಿ. ನಡುವಿನ ಮತ್ತು ಬದಿಯ ದಾರಿ ಸೇರಿಸಿದರೆ ತಲೆಗೆ ಏಳೆಂಟು ಚದರ ಅಡಿ ಹಿಡಿಯಿರಿ. ನೂರು ಜನಕ್ಕೆ ಜಾಗ ಬೇಕಿದ್ದರೆ 800 ಚದರ ಅಡಿ.

ಇನ್ನೊಂದು ಪೂಜೆ ಸೇರಿಸಿದರೆ ಸಾಕಾಗುತ್ತದಾ ಎಂದೂ ಕೇಳಿಕೊಳ್ಳಿ. ಕಥೋಲಿಕ ನಿಯಮದಂತೆ ಒಬ್ಬ ಗುರು, ಅಗತ್ಯ ಇದ್ದರೂ, ಭಾನುವಾರ ಮೂರು ಬಲಿಪೂಜೆಗಿಂತ ಜಾಸ್ತಿ ಅರ್ಪಿಸುವಂತಿಲ್ಲ. ಈಗಾಗಲೇ ಮೂರು ನಡೆಯುತ್ತಿದ್ದು, ಮೂರೂ ತುಂಬುತ್ತಿದ್ದರೆ ವಿಸ್ತರಣೆಯ ಮಾತಿಗೆ ಅರ್ಥ ಇದೆ.

2. ಮೇಲಿನವರ ಒಪ್ಪಿಗೆ ಬರಹದಲ್ಲಿ ಬೇಕು

ಕಥೋಲಿಕ ಚರ್ಚ್ ಆದರೆ ಪಾಲನಾ ಮಂಡಳಿ ಮತ್ತು ಆರ್ಥಿಕ ಸಮಿತಿ ಎರಡರಲ್ಲೂ ನಿರ್ಣಯ ಆಗಬೇಕು. ಆರ್ಥಿಕ ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕೆಂದು 1983ರ ಕ್ಯಾನನ್ ಕಾನೂನು, ಅಂದರೆ ಧರ್ಮಸಭೆಯ ಆಡಳಿತ ನಿಯಮಗಳ ಸಂಹಿತೆ, ಹೇಳುತ್ತದೆ. ಆಮೇಲೆ ಬಿಷಪರ ಲಿಖಿತ ಅನುಮತಿ. ಬಾಯಿಮಾತಿನಲ್ಲಿ "ಆಯ್ತು, ಮಾಡಿ" ಎಂದದ್ದನ್ನು ಅನುಮತಿ ಎಂದುಕೊಳ್ಳಬೇಡಿ. ವರ್ಗಾವಣೆಯಾಗಿ ಹೊಸ ಧರ್ಮಗುರುಗಳು ಬಂದಾಗ ನಿಮ್ಮ ಕೈಯಲ್ಲಿ ಉಳಿಯುವುದು ಆ ಪತ್ರ ಒಂದೇ.

ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಗಳಲ್ಲಿ ಪಾಸ್ಟೊರೇಟ್ ಕಮಿಟಿಯಿಂದ (ಸ್ಥಳೀಯ ಸಭೆಯ ಆಡಳಿತ ಸಮಿತಿ) ಹೊರಟ ಪ್ರಸ್ತಾವ ಡಯಾಸಿಸ್‌ಗೆ, ಅಂದರೆ ಬಿಷಪರ ಆಡಳಿತ ಕಚೇರಿಗೆ ಹೋಗಬೇಕು. ಅಲ್ಲಿ ಆಸ್ತಿ ಸಾಮಾನ್ಯವಾಗಿ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿರುತ್ತದೆ. ಹಾಗಾಗಿ ಪರವಾನಗಿ ಅರ್ಜಿಗೆ ಸ್ಥಳೀಯ ಸಭಾಪಾಲಕರ ಸಹಿ ಮಾತ್ರ ಸಾಲದು. ಟ್ರಸ್ಟ್‌ನಿಂದ ಅಧಿಕಾರಪತ್ರ ತರಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಮೊದಲೇ ಅರ್ಜಿ ಹಾಕಿ.

3. ಜಾಗದ ಕಾಗದ ನೋಡಿ, ಅಳತೆ ಮಾಡಿಸಿ

ಪಹಣಿ ತೆಗೆಸಿ. ಯಾರ ಹೆಸರಿದೆ? ಎಷ್ಟು ಸೆಂಟ್ಸ್? ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಬದಲಿಸಿದ ಆದೇಶ, ಆಗಿದೆಯಾ? ಆಗಿದ್ದರೆ ಯಾವ ಉದ್ದೇಶಕ್ಕೆ ಆಗಿದೆ? ವಾಸದ ಮನೆಗೆಂದು ಪರಿವರ್ತನೆ ಮಾಡಿಸಿದ ಜಾಗದಲ್ಲಿ ಪ್ರಾರ್ಥನಾ ಮಂದಿರ ಕಟ್ಟಿದರೆ ದೂರು ಬಂದ ದಿನ ಉತ್ತರ ಇರುವುದಿಲ್ಲ. ಚಿಕ್ಕ ಸ್ವತಂತ್ರ ಸಭೆಗಳು ಇದನ್ನು ದಯವಿಟ್ಟು ಎರಡು ಸಲ ಪರೀಕ್ಷಿಸಿ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ನಗರವಾದರೆ ಇ-ಖಾತಾ ಸಿದ್ಧವಾಗಿರಲಿ.

ಹಳೆ ಊರುಗಳಲ್ಲಿ ಎರಡು ತೊಡಕು ಸಾಮಾನ್ಯ. ಒಂದು, ಯಾರದೋ ಅಜ್ಜ ಚರ್ಚ್‌ಗೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ. ಅವರ ಮೊಮ್ಮಕ್ಕಳು ಈಗ ಒಳ್ಳೆಯವರೇ ಇರಬಹುದು. ಆದರೂ ಕಟ್ಟುವ ಮೊದಲೇ ದಾನಪತ್ರ ನೋಂದಾಯಿಸಿ, ಪಹಣಿಯಲ್ಲಿ ಹೆಸರು ಬದಲಾಯಿಸಿಕೊಳ್ಳಿ.

ಎರಡನೆಯದು ದಕ್ಷಿಣ ಕನ್ನಡ, ಉಡುಪಿಯ ಕುಮ್ಕಿ. ವರ್ಗ ಜಮೀನಿಗೆ, ಅಂದರೆ ಪಟ್ಟಾ ಜಮೀನಿಗೆ ತಾಗಿಕೊಂಡಿರುವ ಸರ್ಕಾರಿ ಜಾಗ ಅದು. ಸೊಪ್ಪು, ಸೌದೆ, ಮೇವಿಗೆ ಬಳಸುವ ಸೌಲಭ್ಯ ನಿಮಗಿದೆ, ಒಡೆತನ ಇಲ್ಲ. ನೂರು ವರ್ಷದಿಂದ ಚರ್ಚ್‌ನ ತೆಂಗು ಅಲ್ಲೇ ಇದ್ದರೂ ಅದು ಚರ್ಚ್‌ನ ಜಾಗ ಆಗುವುದಿಲ್ಲ. ರಸ್ತೆ, ಪಾರ್ಕ್, ಸಾರ್ವಜನಿಕ ಜಾಗದಲ್ಲಿ ಯಾವ ಧರ್ಮದ ಪೂಜಾಸ್ಥಳವನ್ನೂ ಅನಧಿಕೃತವಾಗಿ ಕಟ್ಟಲು ಬಿಡಬಾರದೆಂದು 2009ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದೆ. ಸರ್ವೆಯರ್ ಕರೆಸಿ ಗಡಿಕಲ್ಲು ಗುರುತು ಮಾಡಿಸದೆ ಒಂದು ಹಾರೆ ಮಣ್ಣೂ ತೆಗೆಯಬೇಡಿ.

ಶ್ರೀರಂಗಪಟ್ಟಣದಂಥ ಊರುಗಳಲ್ಲಿ ಇನ್ನೊಂದು ವಿಷಯ ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿಷೇಧ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಸಮುದ್ರ, ಹೊಳೆಯ ಬದಿಯಾದರೆ ಕರಾವಳಿ ನಿಯಂತ್ರಣ ವಲಯ, ಹೆದ್ದಾರಿ ಬದಿಯಾದರೆ ರಸ್ತೆಯಿಂದ ಬಿಡಬೇಕಾದ ಅಂತರ ನೋಡಿ. ಪಕ್ಕದಲ್ಲೇ ಸಿಮೆಟ್ರಿ ಇದ್ದರೆ ಹಳೆ ಸಮಾಧಿಗಳ ರಿಜಿಸ್ಟರ್ ತೆಗೆದು, ಅಡಿಪಾಯ ಎಲ್ಲಿ ಬರುತ್ತದೆ ಎಂದು ಕುಟುಂಬದವರ ಜೊತೆ ಮೊದಲೇ ಮಾತಾಡಿ.

4. ಹಳೆ ಗೋಡೆ ಏನು ಹೇಳುತ್ತದೆ ಎಂದು ಎಂಜಿನಿಯರ್‌ಗೆ ಕೇಳಿ

ನಕ್ಷೆಗಿಂತ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬರಲಿ. ಕಟ್ಟಡದ ಭಾರ ಯಾವ ಗೋಡೆ, ಯಾವ ಕಂಬದ ಮೇಲೆ ಕೂತಿದೆ ಎಂದು ಲೆಕ್ಕ ಹಾಕುವವರು ಇವರು. ಚಂದದ ಎಲಿವೇಶನ್ ಬರೆಯುವ ಆರ್ಕಿಟೆಕ್ಟ್ ಬೇರೆ, ಇವರು ಬೇರೆ. ನಿಮಗೆ ಇಬ್ಬರೂ ಬೇಕು.

ಕರಾವಳಿಯ ಹಳೆ ಚರ್ಚ್‌ಗಳಲ್ಲಿ ದಪ್ಪನೆಯ ಕೆಂಪು ಕಲ್ಲಿನ ಗೋಡೆಯೇ ಮಾಡಿನ ಭಾರ ಹೊರುತ್ತದೆ. ಪಕ್ಕಕ್ಕೆ ಹಿಗ್ಗಿಸಬೇಕೆಂದರೆ ಆ ಗೋಡೆಯಲ್ಲಿ ದೊಡ್ಡ ಬಾಗಿಲಿನಷ್ಟು ತೂತು ಕೊರೆಯಬೇಕು. ಮೇಸ್ತ್ರಿ "ಏನಾಗಲ್ಲ ಫಾದರ್, ಎರಡು ಜಾಕಿ ಕೊಟ್ಟು ಒಡೆಯೋಣ" ಎಂದರೆ ಒಪ್ಪಬೇಡಿ. ಮಾಡಿನ ಭಾರಕ್ಕೆ ಆಧಾರ ಕೊಟ್ಟು, ಮೇಲೆ ತೊಲೆ ಕೂರಿಸಿ, ಅದು ಗಟ್ಟಿಯಾದ ಮೇಲಷ್ಟೇ ಕೆಳಗಿನ ಕಲ್ಲು ತೆಗೆಯುವ ಕೆಲಸ ಅದು. ಒಂದು ಕಮಾನು ಮುಗಿದ ಮೇಲೆ ಇನ್ನೊಂದು.

ಹೊಸ ಕಾಂಕ್ರೀಟ್ ಭಾಗವನ್ನು ಹಳೆ ಕಲ್ಲಿನ ಗೋಡೆಗೆ ಬಿಗಿಯಾಗಿ ಬೆಸೆಯುವುದೂ ತಪ್ಪು. ಹಳೆ ಅಡಿಪಾಯ ಕೂತು ಎಷ್ಟೋ ವರ್ಷ ಆಗಿದೆ, ಹೊಸದು ಈಗಷ್ಟೇ ಕೂರುತ್ತದೆ. ಎರಡೂ ಒಂದೇ ಆಗಿದ್ದರೆ ಗೋಡೆ ಸೀಳುತ್ತದೆ. ಹೊಸ ಭಾಗಕ್ಕೆ ಅದರದೇ ಕಂಬಗಳಿರಲಿ, ನಡುವೆ ಸಣ್ಣ ಸಂದು ಬಿಟ್ಟು ಮೃದುವಾದ ತುಂಬುವಸ್ತು ಹಾಕಲಿ. ಹಳೆ ಮಾಡೂ ಹೊಸ ಮಾಡೂ ಸೇರುವ ಕಣಿವೆಯಲ್ಲಿ ನೀರು ಹೋಗುವ ದಂಬೆ ಸಾಕಷ್ಟು ಅಗಲ ಇರಲಿ. ಕರಾವಳಿಯ ಮಳೆಗೆ ಕಿರಿದಾದ ದಂಬೆ ಒಂದೇ ಗಂಟೆಯಲ್ಲಿ ತುಂಬಿ ನೀರು ಒಳಗೆ ಉಕ್ಕುತ್ತದೆ. ವಿಸ್ತರಣೆ ಮಾಡಿದ ಚರ್ಚ್‌ಗಳಲ್ಲಿ ಸೋರುವ ಜಾಗ ಕೇಳಿದರೆ ಜನ ಬೆರಳು ತೋರಿಸುವುದು ಇದೇ ಕಣಿವೆಗೆ. ಸುಣ್ಣದ ಗಾರೆಯ ಹಳೆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಯಬೇಡಿ. ಒಳಗಿನ ತೇವ ಹೊರಬರಲಾಗದೆ ಪ್ಲಾಸ್ಟರ್ ಉಬ್ಬಿ ಉದುರುತ್ತದೆ.

ಎರಡೂ ಬದಿ ತೆರೆದ ಜಗಲಿ ಇರುವ ಚರ್ಚ್‌ಗಳು ಅದೃಷ್ಟವಂತ ಚರ್ಚ್‌ಗಳು. ಜಗಲಿಯನ್ನೇ ಒಳಗೆ ಸೇರಿಸಿಕೊಂಡರೆ ಎಷ್ಟೋ ಕಡೆ ಬೇಕಾದಷ್ಟು ಜಾಗ ಸಿಗುತ್ತದೆ, ಹಳೆ ರೂಪವೂ ಉಳಿಯುತ್ತದೆ. ಸುಮ್ನೆ ಎಲ್ಲ ಕೆಡವಿ ಹೊಸದು ಕಟ್ಟೋಣ ಎನ್ನುವವರಿಗೆ ಈ ದಾರಿಯನ್ನು ಮೊದಲು ತೋರಿಸಿ. ಹಳೆ ಪೀಠ, ಮರದ ಕೆತ್ತನೆ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ನಕ್ಷೆಯಲ್ಲಿ ಗಾಲಿಕುರ್ಚಿಗೆ ರ‍್ಯಾಂಪ್ ಇರಲೇಬೇಕು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ, ಅದಕ್ಕಿಂತ ಕಡಿದಾಗಿ ಬೇಡ. ಹೊರಕ್ಕೆ ತೆರೆಯುವ ಎರಡು ಬಾಗಿಲಾದರೂ ಬೇರೆ ಬೇರೆ ದಿಕ್ಕಿನಲ್ಲಿರಲಿ.

5. ಪೂರ್ತಿ ಖರ್ಚಿನ ಪಟ್ಟಿ

ಸಭೆಯಲ್ಲಿ ಒಬ್ಬರು ಎದ್ದು "800 ಚದರ ಅಡಿ, ಅಡಿಗೆ 2,500 ಅಂದ್ರೂ 20 ಲಕ್ಷ" ಎನ್ನುತ್ತಾರೆ. ಆ ಸಂಖ್ಯೆ ಎಲ್ಲರ ತಲೆಯಲ್ಲಿ ಕೂತುಬಿಡುತ್ತದೆ. ದರ ಊರಿಂದ ಊರಿಗೆ ಬದಲಾಗುತ್ತದೆ, ಲೆಕ್ಕಕ್ಕಾಗಿ ಇದನ್ನೇ ಇಟ್ಟುಕೊಳ್ಳೋಣ.

ಸಾಮಾನು ಸೇರಿಸಿ ಗುತ್ತಿಗೆ ಕೊಟ್ಟರೆ ಶೇ. 18 ಜಿಎಸ್‌ಟಿ: 3.6 ಲಕ್ಷ. ಹಳೆ ಗೋಡೆಯ ಕಮಾನು, ಮಾಡಿನ ಜೋಡಣೆ: 3 ಲಕ್ಷ ಎನ್ನಿ. ಬೆಂಚು, ಫ್ಯಾನು, ವೈರಿಂಗ್, ಧ್ವನಿವರ್ಧಕ: ಇನ್ನೊಂದು 3 ಲಕ್ಷ. ಆರ್ಕಿಟೆಕ್ಟ್, ಎಂಜಿನಿಯರ್, ಪರವಾನಗಿ ಶುಲ್ಕ: 1.2 ಲಕ್ಷ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಕಟ್ಟುವ ಶೇ. 1 ಸೆಸ್: 20 ಸಾವಿರ. ಒಟ್ಟು 31 ಲಕ್ಷ. ಅನಿರೀಕ್ಷಿತ ಖರ್ಚಿಗೆ ಶೇ. 10 ಸೇರಿಸಿದರೆ 34 ಲಕ್ಷ ದಾಟಿತು. 20 ಅಂದದ್ದು 34 ಆಯ್ತು, ಅಲ್ವಾ? ಜನರ ಮುಂದೆ ಮೊದಲ ದಿನವೇ 34 ಎಂದು ಹೇಳಿ. ಆಮೇಲೆ ಏರಿಸುತ್ತಾ ಹೋದರೆ ನಂಬಿಕೆ ಹೋಗುತ್ತದೆ.

6. ದುಡ್ಡು ಕೂಡಿಸುವುದು

ಇದೇ ಉದಾಹರಣೆಯನ್ನು ಮುಂದುವರಿಸೋಣ. ಚರ್ಚ್ ಕೈಯಲ್ಲಿ 8 ಲಕ್ಷ ಇದೆ. ಇನ್ನು 26 ಲಕ್ಷ ಬೇಕು. ವಾಗ್ದಾನ ಮಾಡಿದ ಪೂರ್ತಿ ಹಣ ಎಂದೂ ಬರುವುದಿಲ್ಲ. ಕಾಯಿಲೆ, ಮದುವೆ, ಕೆಲಸ ಹೋಗುವುದು ಎಲ್ಲ ಇರುತ್ತದೆ. ಐದರಲ್ಲಿ ನಾಲ್ಕು ಪಾಲು ಬರುತ್ತದೆ ಎಂದಿಟ್ಟುಕೊಂಡರೆ 32.5 ಲಕ್ಷದ ವಾಗ್ದಾನ ಬೇಕು. 200 ಕುಟುಂಬಕ್ಕೆ ಹಂಚಿದರೆ ಮನೆಗೆ 16,250. ಎರಡು ವರ್ಷದಲ್ಲಿ ತಿಂಗಳಿಗೆ 700ರ ಹತ್ತಿರ.

ಆದರೆ ಈ ಸರಾಸರಿಯನ್ನು ಎಲ್ಲ ಮನೆಗೂ ಹೇರಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ದಿನಗೂಲಿಯ ಮನೆಗೆ ತಿಂಗಳಿಗೆ 700 ದೊಡ್ಡ ಮೊತ್ತ. ಕೊಡಲಾಗದ ನಾಚಿಕೆಗೆ ಚರ್ಚ್‌ಗೆ ಬರುವುದನ್ನೇ ಬಿಡುವವರಿದ್ದಾರೆ. ವಾಗ್ದಾನದ ಚೀಟಿಯಲ್ಲಿ ಮೊತ್ತದ ಜಾಗ ಖಾಲಿ ಬಿಡಿ. ತಿಂಗಳಿಗೆ, ಮೂರು ತಿಂಗಳಿಗೊಮ್ಮೆ, ಒಂದೇ ಸಲ ಎಂದು ಮೂರು ಆಯ್ಕೆ ಕೊಡಿ. ಕೊನೆಗೆ "ಇಷ್ಟು ದಿನ ಶ್ರಮದಾನ" ಎಂಬ ಸಾಲೂ ಇರಲಿ. ಚೀಟಿಯನ್ನು ಲಕೋಟೆಯಲ್ಲಿ ಮುಚ್ಚಿ ಕೊಡುವಂತಿರಲಿ. ವಾರ್ಡಿನ ಗುರಿಕಾರರು ನೆನಪಿಸಬಹುದು, ಮೊತ್ತ ಅವರಿಗೂ ಗೊತ್ತಾಗಬೇಕಿಲ್ಲ. ಯಾರು ಎಷ್ಟು ಕೊಟ್ಟರೆಂದು ಪೀಠದಿಂದ ಓದುವ ಪದ್ಧತಿ ನಿಲ್ಲಲಿ. ಕೊಟ್ಟವರ ಹೆಸರನ್ನು ಅಕ್ಷರಕ್ರಮದಲ್ಲಿ, ಮೊತ್ತ ಇಲ್ಲದೆ ಹಾಕಿದರೆ ಸಾಕು.

ಸಿ.ಎಸ್.ಐ. ಸಭೆಗಳ ಸುಗ್ಗಿಹಬ್ಬದ ಹರಾಜು, ಕರಾವಳಿ ಚರ್ಚ್‌ಗಳ ಫೆಸ್ಟ್, ಊಟದ ಸ್ಟಾಲ್‌ಗಳಿಂದಲೂ ಒಳ್ಳೆ ಮೊತ್ತ ಬರುತ್ತದೆ. ಲಕ್ಕಿ ಡ್ರಾ ಕೂಪನ್ ಅಚ್ಚು ಹಾಕಿಸುವ ಮೊದಲು ಮಾತ್ರ ವಕೀಲರನ್ನು ಕೇಳಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ.

ಈಗ ಕಾನೂನಿನ ವಿಷಯ. ಜನ ಜಾಸ್ತಿ ತಪ್ಪು ಮಾಡುವುದು ಇಲ್ಲೇ.

ವಿದೇಶದ ದುಡ್ಡು: ಗಲ್ಫ್‌ನಲ್ಲಿರುವ ನಿಮ್ಮೂರಿನವರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ, ಅವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟ್ ಪ್ರತಿ ಪಡೆದು ಫೈಲಿನಲ್ಲಿಡಿ. ಆದರೆ ಕೆನಡಾ, ಅಮೆರಿಕ, ಬ್ರಿಟನ್ನಿನ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇರುವವರು ಕೊಟ್ಟದ್ದು ವಿದೇಶಿ ದೇಣಿಗೆಯೇ. ಊರಿಗೆ ಬಂದಾಗ ಕೈಯಲ್ಲಿ ರೂಪಾಯಿ ನೋಟು ಕೊಟ್ಟರೂ ಅಷ್ಟೇ. ಇದಕ್ಕೆ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಗಡ ಅನುಮತಿ ಬೇಕು. ವಿದೇಶಿ ದೇಣಿಗೆ ಪಡೆಯಲು ಗೃಹ ಸಚಿವಾಲಯ ಕೊಡುವ ಪರವಾನಗಿ ಅದು. 2020ರ ತಿದ್ದುಪಡಿಯ ನಂತರ ಈ ಹಣ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ವರ್ಗಾಯಿಸುವಂತೆಯೂ ಇಲ್ಲ. "ಬೇರೆ ಟ್ರಸ್ಟ್‌ನ ಖಾತೆಗೆ ಹಾಕಿಸಿ ಆಮೇಲೆ ತಗೊಳ್ಳೋಣ" ಎಂಬ ಸಲಹೆ ಯಾರು ಕೊಟ್ಟರೂ ಬೇಡ.

ನಗದು: ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ಅಥವಾ ಅದಕ್ಕೂ ಜಾಸ್ತಿ ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಭಕ್ತರಿಂದ ಬಡ್ಡಿಯಿಲ್ಲದ ಸಾಲ ತೆಗೆದುಕೊಳ್ಳುವುದಾದರೆ 20 ಸಾವಿರ ಮತ್ತು ಮೇಲ್ಪಟ್ಟದ್ದು ಬ್ಯಾಂಕ್ ಮೂಲಕವೇ ಬರಲಿ.

ತೆರಿಗೆ ವಿನಾಯಿತಿ: "80ಜಿ ರಸೀದಿ ಸಿಗುತ್ತೆ", ಅಂದರೆ ಕೊಟ್ಟ ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ, ಎಂದು ಕರಪತ್ರದಲ್ಲಿ ಬರೆಯಬೇಡಿ. ಆ ವಿನಾಯಿತಿ ಸೇವಾಕಾರ್ಯಗಳ ದಾನಕ್ಕೆ. ಒಂದು ಧರ್ಮದ ಪೂಜಾಸ್ಥಳ ಕಟ್ಟುವ ದಾನಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಕೇಂದ್ರ ಸರ್ಕಾರ ಅಧಿಸೂಚಿಸಿದ ಐತಿಹಾಸಿಕ ಅಥವಾ ಹೆಸರಾಂತ ಪೂಜಾಸ್ಥಳಗಳ ದುರಸ್ತಿ, ನವೀಕರಣಕ್ಕೆ ಮಾತ್ರ ಬೇರೆ ಅವಕಾಶ ಇದೆ.

ಕೂಡಿಡುವುದು: ಟ್ರಸ್ಟ್ ತನ್ನ ವರ್ಷದ ಆದಾಯದ ಶೇ. 85 ಭಾಗವನ್ನು ಅದೇ ವರ್ಷ ಉದ್ದೇಶಕ್ಕೆ ಬಳಸಬೇಕೆಂಬುದು ಸಾಮಾನ್ಯ ನಿಯಮ. ಕಟ್ಟಡಕ್ಕೆಂದು ಕೂಡಿಡಬೇಕಾದರೆ ಉದ್ದೇಶ ಬರೆದು ಗಡುವಿನೊಳಗೆ ಆದಾಯ ತೆರಿಗೆ ಇಲಾಖೆಗೆ ನಮೂನೆ ಸಲ್ಲಿಸಬೇಕು, ಐದು ವರ್ಷದೊಳಗೆ ಬಳಸಬೇಕು. ಮೊದಲ ರಸೀದಿ ಹರಿಯುವ ಮುಂಚೆಯೇ ಆಡಿಟರ್ ಜೊತೆ ಕೂತು ಇದನ್ನು ಮಾತಾಡಿ.

ಸರ್ಕಾರದ ಕಡೆಯಿಂದ ನೋಡುವುದಾದರೆ, ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕ್ರೈಸ್ತ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಚರ್ಚ್ ದುರಸ್ತಿ, ಸಮುದಾಯ ಭವನಕ್ಕೆ ಅನುದಾನ ಸಿಕ್ಕಿದ್ದುಂಟು. ಜಿಲ್ಲಾ ಕಚೇರಿಯಲ್ಲಿ ಈ ವರ್ಷದ ನಿಯಮ ಕೇಳಿ ಅರ್ಜಿ ಹಾಕಿ. ಬಂದರೆ ಒಳ್ಳೆಯದು, ಬಜೆಟ್‌ನಲ್ಲಿ ಮಾತ್ರ ಮೊದಲೇ ಸೇರಿಸಬೇಡಿ. ಸಂಸದರ ನಿಧಿಯಿಂದ ಪೂಜಾಸ್ಥಳದೊಳಗಿನ ಕೆಲಸಕ್ಕೆ ಹಣ ಕೊಡಲು ನಿಯಮದಲ್ಲಿ ಅವಕಾಶವಿಲ್ಲ.

ಕೆಲಸ ಯಾವಾಗ ಶುರು ಮಾಡಬಹುದು? ನನ್ನ ಖಚಿತ ಅಭಿಪ್ರಾಯ: ಅಡಿಪಾಯದಿಂದ ಮಾಡು ಮುಚ್ಚುವವರೆಗಿನ ಪೂರ್ತಿ ದುಡ್ಡು ಬ್ಯಾಂಕಿನಲ್ಲಿ ಇದ್ದಾಗ. ಟೈಲ್ಸ್, ಬೆಂಚು, ಬಣ್ಣದ ದುಡ್ಡು ಆಮೇಲೆ ಬಂದರೂ ನಡೆಯುತ್ತದೆ. ಮಾಡಿಲ್ಲದ ಗೋಡೆ ಒಂದು ಮಳೆಗಾಲ ನಿಂತರೆ ಹಾಕಿದ ದುಡ್ಡೂ ಹೋಗುತ್ತದೆ, ಕೊಡುವವರ ಮನಸ್ಸೂ ಹಿಂದೆ ಸರಿಯುತ್ತದೆ.

7. ಗುತ್ತಿಗೆ ಮತ್ತು ಪಾವತಿ

ಕಟ್ಟಡ ನಿಧಿಗೆ ಪ್ರತ್ಯೇಕ ಖಾತೆ ತೆರೆಯಿರಿ. ಧರ್ಮಗುರುಗಳ ಜೊತೆ ಆರ್ಥಿಕ ಸಮಿತಿಯ ಒಬ್ಬರ ಸಹಿ ಇಲ್ಲದೆ ಹಣ ಹೊರಹೋಗಬಾರದು. ಪ್ರತಿ ಐಟಂ, ಅದರ ಅಳತೆ, ದರ ಬರೆದ ಪಟ್ಟಿಯನ್ನು ಎಂಜಿನಿಯರ್ ತಯಾರಿಸಿದ ಮೇಲೆ ಮೂವರಿಂದಾದರೂ ಮುಚ್ಚಿದ ಲಕೋಟೆಯಲ್ಲಿ ಕೊಟೇಶನ್ ತರಿಸಿ. ಪಾಲನಾ ಮಂಡಳಿಯ ಸದಸ್ಯರೋ ಅವರ ಸಂಬಂಧಿಕರೋ ಗುತ್ತಿಗೆಗೆ ನಿಂತರೆ, ಅವರು ತೀರ್ಮಾನದ ಸಭೆಯಲ್ಲಿ ಕೂರಬಾರದು. ನಮ್ಮವರೇ ಅಲ್ವಾ ಎಂಬ ಸಲುಗೆಯಿಂದ ಒಪ್ಪಂದವಿಲ್ಲದೆ ಶುರುಮಾಡಿದ ಕೆಲಸದಲ್ಲಿ ಕೊನೆಗೆ ಎರಡು ಮನೆಗಳು ಮಾತು ಬಿಡುತ್ತವೆ.

ಮುಂಗಡ ಕಡಿಮೆ ಇರಲಿ. ಆಮೇಲೆ ಹಂತ ಮುಗಿದಂತೆ, ಎಂಜಿನಿಯರ್ ಅಳತೆ ಮಾಡಿ ಸಹಿ ಹಾಕಿದಷ್ಟಕ್ಕೆ ಪಾವತಿ. ಪ್ರತಿ ಬಿಲ್ಲಿನಲ್ಲಿ ಶೇ. 5 ಹಿಡಿದಿಟ್ಟು, ಒಂದು ಪೂರ್ತಿ ಮಳೆಗಾಲ ದಾಟಿದ ಮೇಲೆ ಕೊಡುವುದೆಂದು ಒಪ್ಪಂದದಲ್ಲೇ ಬರೆಯಿರಿ. ಟಿಡಿಎಸ್, ಅಂದರೆ ಪಾವತಿಯಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಮರೆಯಬೇಡಿ. ಮಿತಿ ಮೀರಿದ ಪಾವತಿಗೆ, ಗುತ್ತಿಗೆದಾರ ವ್ಯಕ್ತಿಯಾದರೆ ಶೇ. 1, ಕಂಪನಿ ಅಥವಾ ಪಾಲುದಾರಿಕೆ ಆದರೆ ಶೇ. 2. ತಿಂಗಳಿಗೊಮ್ಮೆ ಬಂದದ್ದು, ಹೋದದ್ದು, ಉಳಿದದ್ದು ನೋಟಿಸ್ ಬೋರ್ಡಿನಲ್ಲಿ ಕಾಣಲಿ.

8. ಮಳೆ ನೋಡಿ ದಿನ ಹಾಕಿ

ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಅಡಿಪಾಯ, ಮೇ ಮುಗಿಯುವ ಮೊದಲು ಮಾಡು. ಕರಾವಳಿ, ಮಲೆನಾಡಿಗೆ ಇದೇ ಸರಿಯಾದ ಲೆಕ್ಕ. ಪರವಾನಗಿ ತಡವಾಗಿ ಫೆಬ್ರವರಿಗೆ ಸಿಕ್ಕಿದರೆ ಮುಂದಿನ ಹಂಗಾಮಿಗೆ ಕಾಯಿರಿ.

ಉದ್ಘಾಟನೆಯ ದಿನ ಮೊದಲೇ ಅಚ್ಚು ಹಾಕಿಸಿ ಕೆಲಸವನ್ನು ಅದಕ್ಕೆ ಓಡಿಸುವುದು ಅಪಾಯ. ಕಾಂಕ್ರೀಟ್‌ಗೆ ಅದರದೇ ಸಮಯ ಬೇಕು. ಸಾಧಾರಣ ಸಿಮೆಂಟ್ ಆದರೆ ಏಳು ದಿನ, ಹಾರುಬೂದಿ ಬೆರೆತ ಪಿಪಿಸಿ ಆದರೆ ಹತ್ತು ದಿನವಾದರೂ ನೀರುಣಿಸಬೇಕು. ಆರು ಮೀಟರ್‌ಗಿಂತ ಉದ್ದದ ತೊಲೆಯ ಕೆಳಗಿನ ಆಧಾರವನ್ನು 21 ದಿನ ತೆಗೆಯುವಂತಿಲ್ಲ. ಹಬ್ಬ ಹತ್ತಿರ ಬಂತೆಂದು ಬೇಗ ಕಿತ್ತರೆ ಜೀವಕ್ಕೇ ಕುತ್ತು.

ಕೆಲಸ ನಡೆಯುವಾಗ ಪೂಜೆ ಎಲ್ಲಿ? ಶಾಲೆಯ ಸಭಾಂಗಣ ಮೊದಲೇ ಗೊತ್ತುಮಾಡಿ. ಕಟ್ಟುವ ಜಾಗಕ್ಕೂ ಮಕ್ಕಳು ಕ್ಯಾಟೆಕಿಸಂಗೆ ಹೋಗುವ ದಾರಿಗೂ ನಡುವೆ ತಗಡಿನ ಬೇಲಿ ಹಾಕಿ. ಕಾರ್ಮಿಕರಿಗೆ ವಿಮೆ, ಹೆಲ್ಮೆಟ್, ಶೌಚಾಲಯ ಇದೆಯಾ ಎಂದು ನೀವೇ ಹೋಗಿ ನೋಡಿ. ದೇವರ ಮನೆ ಕಟ್ಟುವವರನ್ನು ನೋಡಿಕೊಳ್ಳುವ ಹೊಣೆ ಸಭೆಯದೇ.

9. ಮುಗಿದ ಮೇಲೆ

ಪೂರ್ಣಗೊಂಡ ಪ್ರಮಾಣಪತ್ರ ಪಡೆಯಿರಿ. ವಿಮೆಯಲ್ಲಿ ಹೊಸ ಭಾಗ ಸೇರಿಸಿ. ನಿಜವಾಗಿ ಕಟ್ಟಿದಂತೆ ನಕ್ಷೆ, ವೈರಿಂಗ್ ಮತ್ತು ಪೈಪುಗಳ ಚಿತ್ರ ಬರೆಸಿಕೊಂಡು ಎರಡು ಪ್ರತಿ ಇಡಿ, ಒಂದು ಚರ್ಚ್ ಕಚೇರಿಯಲ್ಲಿ, ಒಂದು ಡಯಾಸಿಸ್‌ನಲ್ಲಿ. ಆಡಿಟ್ ಆದ ಅಂತಿಮ ಲೆಕ್ಕವನ್ನು ವಾಗ್ದಾನ ಕೊಟ್ಟ ಪ್ರತಿ ಮನೆಗೂ ಮುಟ್ಟಿಸಿ, ನೂರು ರೂಪಾಯಿ ಕೊಟ್ಟವರಿಗೂ.

ಹಣ ಉಳಿದರೆ ಸಮಿತಿಯೇ ಬೇರೆ ಕೆಲಸಕ್ಕೆ ತಿರುಗಿಸಬಾರದು. ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ಕಾಣಿಕೆ ಆ ಉದ್ದೇಶಕ್ಕೇ ಬಳಕೆಯಾಗಬೇಕೆಂದು ಕ್ಯಾನನ್ ಕಾನೂನಿನಲ್ಲೂ ಇದೆ. ಕಟ್ಟಡದ ನಿರ್ವಹಣೆಗೆ ಅದನ್ನು ಠೇವಣಿ ಇಡಬಹುದಾ ಎಂದು ಸಭೆ ಕರೆದು ಕೇಳಿ, ನಿರ್ಣಯವನ್ನು ಬರಹದಲ್ಲಿಡಿ.